ಕ್ರಿಕೆಟ್‌ನ ದುಡ್ಡಿನಲ್ಲಿ ಜಿಲ್ಲೆಗಳ ಪಾಲು ಎಲ್ಲಿ? ರಘುರಾಮ ಭಟ್ ಅವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶ್ರೀ ರಘುರಾಮ ಭಟ್ ಅವರಿಗೆ,
ಖಜಾಂಚಿ, ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿ

ಸರ್, ನಮಸ್ಕಾರ.

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ಈ ಪತ್ರವನ್ನು ಮಂಡಳಿಯ ಅಧ್ಯಕ್ಷರಿಗೋ ಕಾರ್ಯದರ್ಶಿಗೋ ಬರೆಯದೆ ನಿಮಗೇ ಬರೆಯಲು ಎರಡು ಕಾರಣ ಇವೆ. ನೀವು ಲೆಕ್ಕ ಇಡುವವರು, ನಾನು ಕೇಳಬೇಕಾಗಿರುವುದು ಲೆಕ್ಕದ ವಿಷಯವನ್ನೇ. ಮತ್ತೆ, ನಿಮಗೆ ಕನ್ನಡದಲ್ಲೇ ಬರೆಯಬಹುದು. 2025ರ ಸೆಪ್ಟೆಂಬರ್‌ನಲ್ಲಿ ನೀವು ಖಜಾಂಚಿಯಾದ ಸುದ್ದಿ ಓದಿದಾಗ ನನಗೆ ನಿಜವಾಗಿಯೂ ಖುಷಿಯಾಗಿತ್ತು. ಜಗತ್ತಿನ ಅತಿ ಶ್ರೀಮಂತ ಕ್ರಿಕೆಟ್ ಮಂಡಳಿಯ ತಿಜೋರಿ ಬೀಗದ ಕೈ ನಮ್ಮ ರಣಜಿ ಆಟಗಾರರೊಬ್ಬರ ಕೈಗೆ ಬಂತಲ್ಲ ಅಂತ.

ನಿಮ್ಮ ಹೆಸರು ಹೇಳಿದರೆ ನನ್ನ ವಯಸ್ಸಿನವರಿಗೆ ನೆನಪಾಗುವುದು 1982ರ ರಣಜಿ ಸೆಮಿಫೈನಲ್. ಚಿನ್ನಸ್ವಾಮಿ ಕ್ರೀಡಾಂಗಣ, ಎದುರಿಗೆ ಬಾಂಬೆ ತಂಡ. ನಿಮ್ಮ ಹ್ಯಾಟ್ರಿಕ್. ಎರಡನೇ ಇನಿಂಗ್ಸ್‌ನಲ್ಲಿ ನಿಮ್ಮ ತಿರುವನ್ನು ತಡೆಯೋಕೆ ಸುನಿಲ್ ಗಾವಸ್ಕರ್ ಅಂಥವರು ಎಡಗೈ ಬ್ಯಾಟ್ಸ್‌ಮನ್ ಆಗಿ ನಿಂತರು. ನಾನು ಆಗ ಚಿಕ್ಕ ಹುಡುಗ. ಊರಿನ ದೊಡ್ಡವರು ಆ ಪಂದ್ಯದ ಬಗ್ಗೆ ವರ್ಷಗಟ್ಟಲೆ ಮಾತಾಡಿದ್ದನ್ನು ಕೇಳಿ ಬೆಳೆದವನು. ಆ ಪಂದ್ಯಕ್ಕೆ ನಿಮಗೆ ಎಷ್ಟು ಸಿಕ್ಕಿತ್ತು ಅಂತ ಅವರಲ್ಲಿ ಒಬ್ಬರೂ ಕೇಳಿದ್ದು ನನಗೆ ನೆನಪಿಲ್ಲ.

ಈಗ ನಮ್ಮ ಮೈದಾನಕ್ಕೆ ಮಗನನ್ನು ಕರೆದುಕೊಂಡು ಬರುವ ಅಪ್ಪಂದಿರು ಮೊದಲು ಕೇಳುವುದೇ ದುಡ್ಡಿನ ಮಾತು. "ಸಾರ್, ಐಪಿಎಲ್‌ಗೆ ಸೇರಿಸೋಕೆ ಎಷ್ಟು ವರ್ಷ ಆಗುತ್ತೆ?" ಹುಡುಗನಿಗೆ ಇನ್ನೂ ಹತ್ತು ವರ್ಷ ಆಗಿರಲ್ಲ. ಅವರನ್ನು ನಾನು ಬೈಯಲಾರೆ. 2024ರ ನವೆಂಬರ್ ಹರಾಜಿನಲ್ಲಿ 13 ವರ್ಷದ ವೈಭವ್ ಸೂರ್ಯವಂಶಿ 1.10 ಕೋಟಿಗೆ ಹೋದದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಆ ಹುಡುಗ ಅದ್ಭುತವಾಗಿ ಆಡುತ್ತಾನೆ, ಅದು ಬೇರೆ ಮಾತು. ಆದರೆ ಹರಾಜು ನೋಡಿದ ಸಾವಿರಾರು ಮನೆಗಳಲ್ಲಿ ಮಕ್ಕಳ ಆಟವೇ ಒಂದು ಬಂಡವಾಳ ಆಗಿಹೋಯಿತು. ನಾನು ದಿನಾ ಆ ಮಕ್ಕಳ ಜೊತೆ ಇರುತ್ತೇನೆ. ಸೊನ್ನೆಗೆ ಔಟಾದ ಹುಡುಗ ಪೆವಿಲಿಯನ್ ಕಡೆ ನೋಡುವುದಿಲ್ಲ, ಬೌಂಡರಿ ಆಚೆ ಬೈಕ್ ಮೇಲೆ ಕೂತ ಅಪ್ಪನ ಮುಖ ನೋಡುತ್ತಾನೆ.

ಸರ್, ಲೆಕ್ಕಕ್ಕೆ ಬರೋಣ. 2008ರಲ್ಲಿ ಐಪಿಎಲ್ ಶುರುವಾದಾಗ ಹತ್ತು ವರ್ಷದ ಪ್ರಸಾರ ಹಕ್ಕು ಸುಮಾರು 100 ಕೋಟಿ ಡಾಲರ್‌ಗೆ ಹೋಗಿತ್ತು. 2018ರಿಂದ ಐದು ವರ್ಷಕ್ಕೆ 16,347.5 ಕೋಟಿ ರೂಪಾಯಿ ಆಯಿತು. 2023ರಿಂದ 2027ರವರೆಗಿನ ಐದು ವರ್ಷಕ್ಕೆ 48,390 ಕೋಟಿ. ವರ್ಷಕ್ಕೆ ಸರಾಸರಿ 9,678 ಕೋಟಿ ಬಿತ್ತು. 2025-26ರ ಬಜೆಟ್‌ನಲ್ಲಿ ಕೇಂದ್ರದ ಯುವಜನ ಮತ್ತು ಕ್ರೀಡಾ ಸಚಿವಾಲಯಕ್ಕೆ ಇಟ್ಟಿದ್ದು 3,794 ಕೋಟಿ. ಎರಡು ತಿಂಗಳ ಒಂದು ಟೂರ್ನಿಯನ್ನು ಟಿವಿ, ಮೊಬೈಲ್‌ನಲ್ಲಿ ತೋರಿಸುವ ಹಕ್ಕಿಗೆ ಬರುವ ದುಡ್ಡು, ಇಷ್ಟು ದೊಡ್ಡ ದೇಶದ ಎಲ್ಲ ಆಟಗಳಿಗೂ ಸೇರಿಸಿ ಕೇಂದ್ರ ಸರ್ಕಾರ ಇಡುವ ದುಡ್ಡಿನ ಎರಡೂವರೆ ಪಟ್ಟು. ಇದರ ಮೇಲೆ ಟಾಟಾ ಕಂಪನಿಯ ಟೈಟಲ್ ಪ್ರಾಯೋಜಕತ್ವ ಐದು ವರ್ಷಕ್ಕೆ 2,500 ಕೋಟಿ. ಅದರ ಮೇಲೆ 2021ರಲ್ಲಿ ಎರಡು ಹೊಸ ತಂಡ ಮಾರಿದಾಗ ಲಖನೌಗೆ 7,090 ಕೋಟಿ, ಅಹಮದಾಬಾದ್‌ಗೆ 5,600 ಕೋಟಿಗೂ ಜಾಸ್ತಿ. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ (ಐಸಿಸಿ) ದೇಶಗಳಿಗೆ ಹಂಚುವ ಹಣದಲ್ಲೂ 2024ರಿಂದ ಭಾರತಕ್ಕೆ ನೂರಕ್ಕೆ 38ರಷ್ಟು ಪಾಲು. ಎರಡನೇ ಜಾಗದಲ್ಲಿರುವ ಇಂಗ್ಲೆಂಡಿಗೆ ನೂರಕ್ಕೆ ಏಳು ಕೂಡ ಇಲ್ಲ.

ದುಡ್ಡು ಬರಬಾರದು ಅಂತ ನಾನು ಹೇಳುವುದಿಲ್ಲ. ಜನ ಕ್ರಿಕೆಟ್ ನೋಡುತ್ತಾರೆ, ದುಡ್ಡು ಬರುತ್ತದೆ. ನಾನೂ ನೋಡುತ್ತೇನೆ. ಬಂದ ಮೇಲೆ ಅದು ಎಲ್ಲಿ ನಿಲ್ಲುತ್ತದೆ, ಅದು ನನ್ನ ಪ್ರಶ್ನೆ.

ದುರಾಸೆ ಅಂದ ಕೂಡಲೇ ಜನ ಬೈಯುವುದು ಆಟಗಾರರನ್ನು. ರಿಷಭ್ ಪಂತ್‌ಗೆ 27 ಕೋಟಿ, ಶ್ರೇಯಸ್ ಅಯ್ಯರ್‌ಗೆ 26.75 ಕೋಟಿ ಅಂತ ಅದೇ 2024ರ ಜೆಡ್ಡಾ ಹರಾಜಿನಲ್ಲಿ ಕೂಗಿದ ಮಾರನೇ ದಿನ ನಮ್ಮ ಸ್ಟಾಫ್ ರೂಮಿನಲ್ಲೂ ಇದೇ ಚರ್ಚೆ. ಗಣಿತದ ಮೇಷ್ಟ್ರು ಅವರ ಒಂದು ಎಸೆತದ ಬೆಲೆ ಲೆಕ್ಕ ಹಾಕುತ್ತಿದ್ದರು. ನಾನು ಆ ಮಾತು ಒಪ್ಪುವುದಿಲ್ಲ. ಆ ಹರಾಜಿನಲ್ಲಿ ಒಂದು ತಂಡ ಆಟಗಾರರ ಮೇಲೆ ಹಾಕಬಹುದಾಗಿದ್ದ ದುಡ್ಡು 120 ಕೋಟಿ. ಹತ್ತು ತಂಡಕ್ಕೆ 1,200 ಕೋಟಿ. 2025ರಿಂದ ಕೊಡುತ್ತಿರುವ ಪಂದ್ಯದ ಸಂಭಾವನೆಯನ್ನೂ ಸೇರಿಸಿದರೆ ಇನ್ನೊಂದು ನೂರಿಪ್ಪತ್ತು ಕೋಟಿ ಆಸುಪಾಸು. ಪ್ರಸಾರ ಹಕ್ಕೊಂದರ ಎದುರೇ ಇಟ್ಟು ನೋಡಿದರೂ ನೂರು ರೂಪಾಯಿಯಲ್ಲಿ ಹದಿನಾಲ್ಕು ರೂಪಾಯಿ ಆಟಗಾರರಿಗೆ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನಲ್ಲಿ ಆಟಗಾರರಿಗೆ ಹೋಗುವುದು ಒಟ್ಟು ಆದಾಯದ ಅರ್ಧದಷ್ಟು. ಅಲ್ಲಿ ಆಟಗಾರರ ಸಂಘ ಇದೆ, ಕೂತು ಮಾತಾಡಿ ಪಾಲು ತೆಗೆದುಕೊಳ್ಳುತ್ತದೆ. ನಮ್ಮಲ್ಲಿ 2019ರಲ್ಲಿ ಭಾರತೀಯ ಕ್ರಿಕೆಟಿಗರ ಸಂಘಕ್ಕೆ ಮಾನ್ಯತೆ ಕೊಟ್ಟಿರಿ, ಸರಿ. ಆದರೆ ಅದು ಮಾಜಿ ಆಟಗಾರರಿಗೆ ಮಾತ್ರ. ಈಗ ಆಡುತ್ತಿರುವ ಹುಡುಗರ ಪರವಾಗಿ ಮೇಜಿನ ಎದುರು ಕೂರುವವರು ಯಾರೂ ಇಲ್ಲ.

ಹಾಗಾಗಿ 27 ಕೋಟಿ ನನ್ನನ್ನು ಕಾಡುವುದಿಲ್ಲ. ಅದು ಕಣ್ಣಿಗೆ ಕಾಣುವ ದುಡ್ಡು. ಕಾಣದೆ ಇರುವ ದುಡ್ಡು ಅದಕ್ಕಿಂತ ಎಷ್ಟೋ ದೊಡ್ಡದು.

ನಮ್ಮ ಶಾಲೆಯ ಕಿಟ್ ಬ್ಯಾಗ್ ಬಗ್ಗೆ ನಿಮಗೆ ಹೇಳಬೇಕು. ಒಂದೇ ಒಂದು ಬ್ಯಾಗ್, ಹಳೆಯ ವಿದ್ಯಾರ್ಥಿಗಳು ಚಂದಾ ಎತ್ತಿ ಕೊಡಿಸಿದ್ದು. ಅದರ ಜಿಪ್ ಹೋಗಿ ಬಹಳ ಕಾಲವಾಯಿತು, ಪ್ಯಾಂಟಿನ ಬೆಲ್ಟ್ ಕಟ್ಟಿದ್ದೇವೆ. ಒಳಗೆ ಎರಡು ಜೊತೆ ಪ್ಯಾಡ್. ಒಂದು ಜೊತೆ ದೊಡ್ಡವರ ಅಳತೆಯದು, ಎಂಟನೇ ಕ್ಲಾಸಿನ ಹುಡುಗ ಕಟ್ಟಿಕೊಂಡರೆ ತೊಡೆಯ ಮಧ್ಯದವರೆಗೂ ಬರುತ್ತದೆ, ಓಡಿ ರನ್ ತೆಗೆಯೋಕೆ ಆಗಲ್ಲ. ಗ್ಲೌಸ್ ಬೆವರಿಗೆ ನೆಂದು ಒಣಗಿ ಒಣಗಿ ಮರದ ಹಾಗೆ ಗಟ್ಟಿ. ಒಂದು ಹೆಲ್ಮೆಟ್. ಸ್ಟ್ರೈಕ್ ಬದಲಾದಾಗಲೆಲ್ಲ ಅದೂ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಹೋಗಬೇಕು. ಅಂಪೈರ್‌ಗಳು ಪಾಪ ಕಾಯುತ್ತಾರೆ. ಪಿಚ್ ಮೇಲೆ ಹಾಸುವುದು ತೆಂಗಿನ ನಾರಿನ ಮ್ಯಾಟ್. ಬೆಳಿಗ್ಗೆ ಅದನ್ನು ಎಳೆದು ಮೊಳೆ ಹೊಡೆಯುವುದು ಹುಡುಗರ ಕೆಲಸ, ಸಂಜೆ ಕಿತ್ತು ಸುತ್ತಿಡುವುದೂ ಅವರದ್ದೇ. ಗುಡ್ ಲೆಂತ್ ಜಾಗದಲ್ಲಿ ಮ್ಯಾಟ್ ಹರಿದಿದೆ. ಗೋಣಿದಾರ ಹಾಕಿ ಹೊಲಿದಿದ್ದೇವೆ. ಹೊಲಿಗೆ ಮೇಲೆ ಬಿದ್ದ ಚೆಂಡು ಎತ್ತ ಹಾರುತ್ತದೋ ಹೇಳೋಕಾಗಲ್ಲ. ಒಬ್ಬ ಒಳ್ಳೆಯ ಲೆಗ್ ಸ್ಪಿನ್ನರ್ ಇದ್ದಾನೆ, ಕುರಿ ಸಾಕುವವರ ಮನೆಯ ಹುಡುಗ. ಅವನಿಗೆ ಲೆದರ್ ಬಾಲ್ ಕೊಡುವುದು ವಾರಕ್ಕೊಮ್ಮೆ. ಮಿಕ್ಕ ದಿನ ಟೆನಿಸ್ ಬಾಲ್. ಬೆರಳಿಗೆ ಸೀಮ್ ಸಿಗದೆ ಸ್ಪಿನ್ ಕಲಿಯುವುದು ಹೇಗೆ ಅನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಇದನ್ನು ಬರೆದದ್ದು ಕರುಣೆ ಕೇಳೋಕಲ್ಲ. ನಮ್ಮ ಪಕ್ಕದ ಶಾಲೆಗಳಲ್ಲಿ ಇಷ್ಟೂ ಇಲ್ಲ. ಐಪಿಎಲ್ ಶುರುವಾಗಿ ಹದಿನೇಳು ವರ್ಷ ದಾಟಿದೆ. ನಮ್ಮ ತಾಲ್ಲೂಕಿನ ಯಾವ ಮೈದಾನದಲ್ಲಿ ನಿಂತು ನೋಡಿದರೂ, ಇದು ಐಪಿಎಲ್ ದುಡ್ಡಿನಿಂದ ಆಗಿದ್ದು ಅಂತ ಬೆರಳು ಮಾಡಿ ತೋರಿಸೋಕೆ ಒಂದು ವಸ್ತು ಇಲ್ಲ. ಒಂದು ರೋಲರ್ ಕೂಡ ಇಲ್ಲ.

ಮಂಡಳಿ ಏನೂ ಮಾಡಿಲ್ಲ ಅಂತಲ್ಲ, ಅದನ್ನೂ ಹೇಳಬೇಕು. 2021ರಲ್ಲಿ ರಣಜಿ ಆಟಗಾರರ ಸಂಭಾವನೆ ಏರಿಸಿದಿರಿ. ಹೊಸಬರಿಗೆ ದಿನಕ್ಕೆ 40,000, ನಲವತ್ತು ಪಂದ್ಯ ದಾಟಿದವರಿಗೆ 60,000. ಅದು ಸಣ್ಣ ದುಡ್ಡಲ್ಲ. 2022ರಲ್ಲಿ ಹಳೆಯ ಆಟಗಾರರ ಪಿಂಚಣಿ ಹೆಚ್ಚಾಯಿತು. 15,000 ಪಡೆಯುತ್ತಿದ್ದವರಿಗೆ 30,000 ಆಯಿತು. 2024ರಲ್ಲಿ ಐಪಿಎಲ್ ಮುಗಿದ ಮೇಲೆ ಹತ್ತು ಮುಖ್ಯ ಮೈದಾನಗಳ ಸಿಬ್ಬಂದಿಗೆ ಮೈದಾನಕ್ಕೆ ತಲಾ 25 ಲಕ್ಷ ಕೊಟ್ಟಿರಿ. ಪಿಚ್ ಮಾಡುವ ಕೈಗಳನ್ನು ನೆನೆದದ್ದು ನೋಡಿ ಸಂತೋಷವಾಯಿತು. 2025ರ ಡಿಸೆಂಬರ್‌ನಲ್ಲಿ, ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದ ಮೇಲೆ, ದೇಶೀಯ ಮಹಿಳಾ ಕ್ರಿಕೆಟ್‌ನ ಸಂಭಾವನೆ ದಿನಕ್ಕೆ 20,000 ಇದ್ದದ್ದು 50,000 ಆಯಿತು. ಅದು ನಿಮ್ಮ ಅವಧಿಯಲ್ಲೇ ಆದದ್ದು. ಅಭಿನಂದನೆ ಸರ್.

ಆದರೆ ಇವೆಲ್ಲ ರಾಜ್ಯ ತಂಡಕ್ಕೆ ಬಂದು ಮುಟ್ಟಿದವರಿಗೆ. ಅಲ್ಲಿಗೆ ಮುಟ್ಟುವ ದಾರಿಯಲ್ಲಿ ಇರುವವರಿಗೆ ಏನೂ ಇಲ್ಲ. ಜಿಲ್ಲಾ ಲೀಗ್ ಆಡಿಸುವ ಅಂಪೈರ್, ಬಿಸಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಸ್ಕೋರ್ ಬರೆಯುವವರು, ಸೆಲೆಕ್ಷನ್‌ಗೆ ಅಂತ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಮೆಜೆಸ್ಟಿಕ್‌ನಲ್ಲೇ ಮುಖ ತೊಳೆದು ಮೈದಾನಕ್ಕೆ ಓಡುವ ಹುಡುಗರು. ಮೂರು ಎಸೆತ ಆಡಿಸಿ "ನೆಕ್ಸ್ಟ್" ಅಂದರೆ ಮತ್ತೆ ರಾತ್ರಿ ಬಸ್ಸು.

ಇಕ್ಕಟ್ಟು ಬಂದಾಗ ಮಂಡಳಿ ಯಾವುದನ್ನು ಮೊದಲು ಉಳಿಸಿಕೊಂಡಿತು ಅನ್ನುವುದೂ ನೆನಪಿದೆ. ಕೋವಿಡ್ ವರ್ಷದಲ್ಲಿ ಐಪಿಎಲ್ ಅನ್ನು ಯುಎಇಗೆ ತೆಗೆದುಕೊಂಡು ಹೋಗಿ ಆಡಿಸಿದಿರಿ. ವಿಮಾನ, ಹೋಟೆಲ್, ಬಯೋಬಬಲ್ ಎಲ್ಲ ಆಯಿತು. ರಣಜಿ ಟ್ರೋಫಿ ಮಾತ್ರ 2020-21ರಲ್ಲಿ ರದ್ದಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲೂ ನಿಲ್ಲದ ಟೂರ್ನಿ ಅದು. ಅದನ್ನೇ ನಂಬಿದ್ದ ಆಟಗಾರರಿಗೆ ಅರ್ಧ ಪರಿಹಾರ ಘೋಷಣೆಯಾಗಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ ಎಷ್ಟು ಮಂದಿ ಕಿಟ್ ಮಾರಿ ಬೇರೆ ಕೆಲಸ ಹುಡುಕಿಕೊಂಡರೋ!

ಈ ದುಡ್ಡು ಯಾರದು? ಇದು ನನಗೆ ಮುಖ್ಯ ಪ್ರಶ್ನೆ. ಮಂಡಳಿ ಒಂದು ಕಂಪನಿ ಅಲ್ಲ. ಅದಕ್ಕೆ ಮಾಲೀಕರಿಲ್ಲ, ಷೇರುದಾರರಿಲ್ಲ. ತಮಿಳುನಾಡಿನ ಸಂಘಗಳ ನೋಂದಣಿ ಕಾಯ್ದೆಯಡಿ ಇರುವ ಒಂದು ಸಂಘ. ನಮ್ಮೂರ ಯುವಕ ಸಂಘ ಹೇಗೋ ಕಾನೂನಿನ ಮಟ್ಟಿಗೆ ಹಾಗೇ. ಐಪಿಎಲ್ ಹಣಕ್ಕೆ ಆದಾಯ ತೆರಿಗೆ ವಿನಾಯಿತಿ ವಿಷಯ ಬಂದಾಗ ಮಂಡಳಿ ಹೇಳಿದ್ದೇನು? ನಮ್ಮ ಉದ್ದೇಶ ಕ್ರಿಕೆಟ್ ಬೆಳೆಸುವುದು, ಐಪಿಎಲ್‌ನಿಂದ ಬಂದದ್ದು ಅದಕ್ಕೇ ಹೋಗುತ್ತದೆ ಅಂತ. 2021ರ ನವೆಂಬರ್‌ನಲ್ಲಿ ಮುಂಬೈನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಆ ವಾದ ಒಪ್ಪಿತು. ಒಳ್ಳೆಯದೇ. ಹಾಗಾದರೆ ಬೆಳೆಸಿದ್ದು ಎಲ್ಲಿ, ಎಷ್ಟು, ಯಾವ ಜಿಲ್ಲೆಯಲ್ಲಿ ಅಂತ ಕೇಳುವ ಹಕ್ಕು ನಮಗೂ ಇದೆ ಅಲ್ವಾ?

ಕೇಳೋಣ ಅಂದರೆ ದಾರಿ ಇಲ್ಲ. 2015ರಲ್ಲೇ ಸುಪ್ರೀಂ ಕೋರ್ಟ್ ಮಂಡಳಿ ಮಾಡುವುದು ಸಾರ್ವಜನಿಕ ಕೆಲಸ ಎಂದು ಹೇಳಿತು. 2018ರಲ್ಲಿ ಕಾನೂನು ಆಯೋಗ ಮಂಡಳಿಯನ್ನು ಮಾಹಿತಿ ಹಕ್ಕಿನ ಒಳಗೆ ತರಬೇಕು ಎಂದು ಶಿಫಾರಸು ಮಾಡಿತು. ಅದೇ ವರ್ಷ ಕೇಂದ್ರ ಮಾಹಿತಿ ಆಯೋಗವೂ ಹಾಗೇ ಆದೇಶ ಕೊಟ್ಟಿತು. ಮಂಡಳಿ ಅದನ್ನು ಕೋರ್ಟಿಗೆ ಒಯ್ದಿತು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಮಸೂದೆಯಲ್ಲಿ ಮೊದಲು ಮಾನ್ಯತೆ ಪಡೆದ ಎಲ್ಲ ಸಂಸ್ಥೆಗಳೂ ಮಾಹಿತಿ ಹಕ್ಕಿಗೆ ಒಳಪಡುತ್ತವೆ ಅಂತಿತ್ತು. ಕೊನೆಗೆ ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಮಾತ್ರ ಅಂತ ತಿದ್ದಿದರು. ಸರ್ಕಾರದಿಂದ ನಾವು ಒಂದು ಪೈಸೆಯೂ ತೆಗೆದುಕೊಳ್ಳುವುದಿಲ್ಲ ಅನ್ನುವುದು ಮಂಡಳಿಯ ಹಳೆಯ ಮಾತು. ಸರ್, ಚಿನ್ನಸ್ವಾಮಿ ಕ್ರೀಡಾಂಗಣ ನಿಂತಿರುವುದು ಸರ್ಕಾರ ಗುತ್ತಿಗೆಗೆ ಕೊಟ್ಟ ನೆಲದಲ್ಲಿ. ಪಂದ್ಯದ ದಿನ ಕಬ್ಬನ್ ರಸ್ತೆಯಲ್ಲಿ ನಿಲ್ಲುವ ಪೊಲೀಸರು ನಮ್ಮ ತೆರಿಗೆಯ ಪೊಲೀಸರು. ತಂಡದ ಎದೆ ಮೇಲೆ ಇರುವುದು ದೇಶದ ಹೆಸರು. ತೆರಿಗೆ ಬಿಟ್ಟುಕೊಟ್ಟದ್ದು ಕೂಡ ಜನರೇ ಕೊಟ್ಟಂತೆ.

ಇನ್ನು ಜಾಹೀರಾತು. ಇದರ ಬಗ್ಗೆ ನನಗೆ ಬಹಳ ಸಂಕಟ ಇದೆ.

ನನ್ನ ಬಳಿ ಕಲಿತ ಒಬ್ಬ ಹುಡುಗ, ಒಳ್ಳೆಯ ಫೀಲ್ಡರ್, ಬೆಂಗಳೂರಿಗೆ ಹೋಗಿ ಡೆಲಿವರಿ ಕೆಲಸ ಮಾಡುತ್ತಿದ್ದ. ಪ್ರತಿ ಪಂದ್ಯಕ್ಕೂ ಮೊಬೈಲಿನಲ್ಲಿ, ದುಡ್ಡು ಕಟ್ಟಿ ಆಡುವ ಆ್ಯಪ್‌ನಲ್ಲಿ, ತಂಡ ಕಟ್ಟುತ್ತಿದ್ದ. ಮೊದಲು 49 ರೂಪಾಯಿ, ಆಮೇಲೆ ನೂರು, ಆಮೇಲೆ ದಿನದ ದುಡಿಮೆ ಪೂರ್ತಿ. ಯಾವ ಆ್ಯಪ್ ಅನ್ನುವುದು ಬೇಡ, ಎಲ್ಲವೂ ಒಂದೇ. "ಸಾರ್, ಇದು ಜೂಜಲ್ಲ, ಸ್ಕಿಲ್ಲು. ನೀವೇ ಕಲಿಸಿದ್ದಲ್ವಾ ಕ್ರಿಕೆಟ್" ಅಂದಿದ್ದ ನನಗೆ. ಸಾಲ ಮಾಡಿದ. ಸಾಲ ತೀರಿಸೋಕೆ ಇನ್ನೊಂದು ಸಾಲ. ಕೊನೆಗೆ ಅವನ ಅಪ್ಪ ಎರಡು ಹಸು ಮಾರಿ ಬಿಡಿಸಿಕೊಂಡು ಬಂದರು. ಅವನಿಗೆ ಆ ಆಟ ಹೇಳಿಕೊಟ್ಟವರು ಯಾರು? ಎಲ್ಲ ಓವರಿನ ನಡುವೆ ಟಿವಿಯಲ್ಲಿ ಬಂದು ನಗುತ್ತಿದ್ದ ಅವನ ನೆಚ್ಚಿನ ಆಟಗಾರರೇ.

ನಮ್ಮ ರಾಜ್ಯ 2021ರಲ್ಲೇ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆಮೇಲೆ 2023ರಲ್ಲಿ ಮಂಡಳಿ ಇಂಥದೇ ಆಟ ಆಡಿಸುವ ಡ್ರೀಮ್11 ಕಂಪನಿಯ ಹೆಸರನ್ನು ಭಾರತ ತಂಡದ ಎದೆ ಮೇಲೆ ಹಾಕಿತು, ಮೂರು ವರ್ಷಕ್ಕೆ 358 ಕೋಟಿಗೆ. ಒಂದು ರಾಜ್ಯದ ಸರ್ಕಾರ ಇದು ಬೇಡ ಅಂತ ಕಾನೂನು ಮಾಡಿದ್ದು, ದೇಶದೆಲ್ಲೆಡೆ ತಾಯ್ತಂದೆ ಇದರ ಬಗ್ಗೆ ಅಳುತ್ತಿದ್ದದ್ದು ಮಂಡಳಿಗೆ ಗೊತ್ತಿರಲಿಲ್ಲವೇ? 2025ರ ಆಗಸ್ಟ್‌ನಲ್ಲಿ ಕೇಂದ್ರವೇ ಇಂಥ ಆಟಗಳನ್ನು ನಿಷೇಧಿಸಿದ ಮೇಲೆ ಒಪ್ಪಂದ ಮುರಿಯಿತು. ಆಮೇಲೆ ಏನಾಯಿತು ನೋಡಿ. ಮುಂದಿನ ತಿಂಗಳೇ ಅಪೊಲೊ ಟೈರ್ಸ್ ಬಂತು. 2028ರವರೆಗೆ 579 ಕೋಟಿ. ಮೊದಲಿಗಿಂತ ಜಾಸ್ತಿ! ಬೇಡ ಅಂದಿದ್ದರೆ ಮಂಡಳಿಗೆ ನಯಾಪೈಸೆ ನಷ್ಟ ಆಗುತ್ತಿರಲಿಲ್ಲ. ಕಾನೂನು ಬಂದು ಕೈ ಹಿಡಿಯುವವರೆಗೂ ಬೇಡ ಅನ್ನಲಿಲ್ಲ, ಅಷ್ಟೇ. ನಾನು ದುರಾಸೆ ಅನ್ನುವುದು ಇದನ್ನು.

ಏಲಕ್ಕಿ ಹೆಸರಲ್ಲಿ ಬರುವ ಪಾನ್ ಮಸಾಲ ಜಾಹೀರಾತು ಇನ್ನೂ ಇವೆ. 2025ರ ಮಾರ್ಚ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶಕರು ಐಪಿಎಲ್ ಅಧ್ಯಕ್ಷರಿಗೆ ಪತ್ರ ಬರೆದು ತಂಬಾಕು, ಮದ್ಯದ ನೇರ ಜಾಹೀರಾತು, ಮರೆಮಾಚಿದ ಜಾಹೀರಾತು ಎರಡೂ ಬೇಡ ಎಂದು ಕೇಳಿದರು. ಕ್ರಿಕೆಟ್ ಆಡಿಸುವವರಿಗೆ ವೈದ್ಯರು ಇದನ್ನು ಪತ್ರ ಬರೆದು ಹೇಳಬೇಕಾಯಿತಲ್ಲ ಸರ್. ನಮ್ಮ ಶಾಲೆ ಕಾಂಪೌಂಡ್ ಹೊರಗೆ ಪೊಟ್ಟಣ ಗುಡಿಸುವವನು ನಾನು.

2025ರ ಜೂನ್ 4ರ ಕಾಲ್ತುಳಿತದ ಬಗ್ಗೆ ಬರೆಯದೆ ಈ ಪತ್ರ ಮುಗಿಸಲಾರೆ. ಆಗ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರು ನೀವೇ. ಆ ದಿನ ನಿಮಗೂ ನಿದ್ದೆ ಬಂದಿರಲಿಕ್ಕಿಲ್ಲ. ಹೊಣೆ ಯಾರದು, ಎಷ್ಟು ಅನ್ನುವುದು ಕೋರ್ಟು, ಆಯೋಗ ಹೇಳಬೇಕಾದ ಮಾತು, ನಾನು ಹೇಳುವುದಿಲ್ಲ. ಹಿಂದಿನ ರಾತ್ರಿ ಅಹಮದಾಬಾದ್‌ನಲ್ಲಿ ಐಪಿಎಲ್ ಫೈನಲ್ ಅನ್ನು ಆರ್‌ಸಿಬಿ ಆರು ರನ್‌ಗಳಿಂದ ಗೆದ್ದಿತ್ತು. ಹದಿನೆಂಟು ವರ್ಷ ಕಾದ ಜನ. ನಮ್ಮೂರಲ್ಲೂ ರಾತ್ರಿ ಒಂದು ಗಂಟೆವರೆಗೆ ಪಟಾಕಿ. ಮಾರನೇ ದಿನ ಮಧ್ಯಾಹ್ನವೇ ಬೆಂಗಳೂರಿನಲ್ಲಿ ಸಂಭ್ರಮ ಇಟ್ಟರು. ಸುಮಾರು 35,000 ಜನ ಹಿಡಿಸುವ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. ಗೇಟಿನ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಮಕ್ಕಳು, ಕಾಲೇಜು ಹುಡುಗರು, ಈಗಷ್ಟೇ ಕೆಲಸಕ್ಕೆ ಸೇರಿದವರು. ನಮ್ಮ ಶಾಲೆಯಿಂದ ಪಾಸಾದ ಮೂವರು ಅಲ್ಲಿದ್ದರು. ಫೋನ್ ಸಿಗದೆ ಅವರ ಮನೆಯವರು ನನ್ನ ಮನೆ ಬಾಗಿಲಿಗೆ ಬಂದು ಕೂತಿದ್ದರು. ನಮ್ಮವರು ಬದುಕಿ ಬಂದರು. ಉಳಿದ ಹನ್ನೊಂದು ಮನೆಗಳಿಗೆ ಬರಲಿಲ್ಲ.

ನನ್ನ ಪ್ರಶ್ನೆ ಒಂದೇ. ಮಾರನೇ ದಿನವೇ ಯಾಕೆ? ಒಂದು ವಾರ ಬಿಟ್ಟು ಮಾಡಿದ್ದರೆ ಯಾರ ಗಂಟು ಹೋಗುತ್ತಿತ್ತು? ಪೊಲೀಸರಿಗೆ ಸಮಯ ಸಿಗುತ್ತಿತ್ತು. ಆದರೆ ಗೆಲುವು ಬಿಸಿ ಇರುವಾಗಲೇ ಅದರ ಫೋಟೊ ಬೇಕು, ವಿಡಿಯೊ ಬೇಕು, ಎಲ್ಲರಿಗೂ ಬೇಕು. ಫ್ರಾಂಚೈಸಿಗೂ ಬೇಕು, ರಾಜಕಾರಣಿಗಳಿಗೂ ಬೇಕು. ದುಡ್ಡಿನ ಆಸೆ ಬರೀ ನೋಟಿನ ರೂಪದಲ್ಲಿ ಬರುವುದಿಲ್ಲ ಸರ್. ಈ ಅವಸರವೂ ಅದರದ್ದೇ ಇನ್ನೊಂದು ರೂಪ.

ಇಲ್ಲಿ ನಮ್ಮ ಸರ್ಕಾರಕ್ಕೂ ಒಂದು ಮಾತು ಹೇಳಬೇಕು. ಆ ದಿನ ಒಂದು ಖಾಸಗಿ ಕಂಪನಿಯ ತಂಡವನ್ನು ವಿಧಾನಸೌಧದ ಮೆಟ್ಟಿಲ ಮೇಲೆ ನಿಲ್ಲಿಸಿ ಸನ್ಮಾನ ಮಾಡಿದರು. ಅದಕ್ಕೆ ಐದು ತಿಂಗಳ ಹಿಂದೆ, 2025ರ ಜನವರಿಯಲ್ಲಿ, ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಗಂಡಸರ ತಂಡವೂ ಗೆದ್ದಿತು, ಹೆಂಗಸರ ತಂಡವೂ ಗೆದ್ದಿತು. ಅದರಲ್ಲಿ ನಮ್ಮ ಎಂ.ಕೆ. ಗೌತಮ್ ಇದ್ದರು, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಮಹಾರಾಷ್ಟ್ರ ತನ್ನ ಆಟಗಾರರಿಗೆ ತಲಾ 2.25 ಕೋಟಿ ಮತ್ತು ಸರ್ಕಾರಿ ಕೆಲಸ ಘೋಷಿಸಿತು. ಕರ್ನಾಟಕ ಘೋಷಿಸಿದ್ದು ತಲಾ 5 ಲಕ್ಷ. ಇಬ್ಬರೂ ಬೇಡ ಅಂದರು. ಅವರಿಗೆ ದುರಾಸೆ ಅಂದವರೂ ಇದ್ದರು! ಖೋ ಖೋ ನಮ್ಮ ಸರ್ಕಾರಿ ಶಾಲೆಗಳ ಆಟ. ಎರಡು ಕಂಬ, ಒಂದಿಷ್ಟು ಸುಣ್ಣ ಇದ್ದರೆ ಸಾಕು. ಬರಿಗಾಲಲ್ಲಿ ಓಡಿ ವಿಶ್ವಕಪ್ ಗೆದ್ದು ಬಂದವರು ಮರ್ಯಾದೆ ಕೇಳಿದರು.

ಜೂನ್ 4 ಆದ ಮೇಲೆ ಸರ್ಕಾರ ನೇಮಿಸಿದ ಆಯೋಗ, ಚಿನ್ನಸ್ವಾಮಿ ದೊಡ್ಡ ಕಾರ್ಯಕ್ರಮಗಳಿಗೆ ಸುರಕ್ಷಿತವಲ್ಲ ಎಂದು ಹೇಳಿತು. ಮಹಿಳಾ ಕ್ರಿಕೆಟ್ ವಿಶ್ವಕಪ್ ಪಂದ್ಯಗಳು ಬೆಂಗಳೂರು ಬಿಟ್ಟು ನವಿ ಮುಂಬೈಗೆ ಹೋದವು. ನಮ್ಮ ಹೆಣ್ಣುಮಕ್ಕಳ ತಂಡವನ್ನು ಬಸ್ಸು ಮಾಡಿ ಕರೆದುಕೊಂಡು ಹೋಗಿ ತೋರಿಸಬೇಕು ಅಂತಿದ್ದೆ, ಆಗಲಿಲ್ಲ. ಆ ವಿಶ್ವಕಪ್‌ನ ಟಿಕೆಟ್ 100 ರೂಪಾಯಿಯಿಂದ ಶುರುವಾಗಿತ್ತು, ಅದನ್ನು ಗಮನಿಸಿದಿರಾ? ಫೈನಲ್‌ಗೆ ಕ್ರೀಡಾಂಗಣ ತುಂಬಿತ್ತು. ಅದೇ ವರ್ಷ ಬೆಂಗಳೂರಿನ ಐಪಿಎಲ್ ಪಂದ್ಯದ ಅತಿ ಕಡಿಮೆ ಟಿಕೆಟ್ ಎರಡು ಸಾವಿರ ದಾಟಿತ್ತು. ಗಾರೆ ಕೆಲಸದವರು ಮಗನನ್ನು ಕರೆದುಕೊಂಡು ಹೋಗಬೇಕಾದರೆ ಒಂದು ವಾರದ ಕೂಲಿ ಬೇಕು. ಬಸ್ ಚಾರ್ಜು, ಊಟ ಬೇರೆ.

ಸರ್, ನಾನು ಸುಮ್ನೆ ದೂರು ಹೇಳಿ ಹೋಗೋಕೆ ಬಂದಿಲ್ಲ. ಕೇಳುವುದಿದೆ.

ಪ್ರಸಾರ ಹಕ್ಕಿನ ದುಡ್ಡಿನಲ್ಲಿ ನೂರಕ್ಕೆ ಎರಡು ರೂಪಾಯಿ ತೆಗೆದಿಡಿ. ವರ್ಷಕ್ಕೆ ಸುಮಾರು 193 ಕೋಟಿ ಆಗುತ್ತದೆ. ದೇಶದಲ್ಲಿ ಜಿಲ್ಲೆಗಳು ಹೆಚ್ಚುಕಡಿಮೆ 780. ಹಂಚಿದರೆ ಒಂದು ಜಿಲ್ಲೆಗೆ ವರ್ಷಕ್ಕೆ 25 ಲಕ್ಷದ ಹತ್ತಿರ. ಹರಾಜಿನಲ್ಲಿ ಪಂತ್ ಒಬ್ಬರಿಗೆ ಕೊಟ್ಟದ್ದರಲ್ಲಿ ನೂರರಲ್ಲಿ ಒಂದು ಪಾಲೂ ಅಲ್ಲ ಅದು. ಅಷ್ಟರಲ್ಲಿ ನಮ್ಮ ಜಿಲ್ಲೆಯಲ್ಲಿ ಮೊದಲ ವರ್ಷ ಎರಡು ಟರ್ಫ್ ಪಿಚ್, ಒಂದು ರೋಲರ್, ಬೋರ್‌ವೆಲ್. ಎರಡನೇ ವರ್ಷ ಪ್ರತಿ ತಾಲ್ಲೂಕಿಗೂ ಮಕ್ಕಳ ಅಳತೆಯ ಕಿಟ್, ಹೆಲ್ಮೆಟ್, ಹೊಸ ಮ್ಯಾಟ್. ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸೋಕೆ ಒಂದು ರೂಮು, ಒಂದು ಶೌಚಾಲಯ. ಅದಿಲ್ಲದೆ ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಆಟ ಬಿಡುವವರು ಬಹಳ. ಸ್ಕೋರರ್‌ಗೆ, ಅಂಪೈರ್‌ಗೆ ಮರ್ಯಾದೆಯ ದಿನಗೂಲಿ. ಲೆಕ್ಕವನ್ನು ನಾನೇ ಹಾಳೆ ಮೇಲೆ ಬರೆದಿಟ್ಟಿದ್ದೇನೆ, ಕೇಳಿದರೆ ಕಳಿಸುತ್ತೇನೆ.

ಚಿನ್ನಸ್ವಾಮಿಯಲ್ಲಿ ಮತ್ತು ಉಳಿದೆಲ್ಲ ಕ್ರೀಡಾಂಗಣಗಳಲ್ಲಿ ಒಂದು ಸ್ಟ್ಯಾಂಡನ್ನು 100 ರೂಪಾಯಿಗೆ ಇಡಿ, ಐಪಿಎಲ್‌ಗೂ ಇಡಿ. ಜೂಜು, ಪಾನ್ ಮಸಾಲ, ಹೆಂಡದ ಹೆಸರು ಹೊತ್ತ ಯಾವ ಜಾಹೀರಾತನ್ನೂ ತೆಗೆದುಕೊಳ್ಳುವುದಿಲ್ಲ ಎಂದು ಮಂಡಳಿಯೇ ಬರೆದು ಹೇಳಲಿ, ಕಾನೂನಿಗೆ ಕಾಯುವುದು ಬೇಡ. ಈಗ ಆಡುತ್ತಿರುವವರಿಗೆ ಸಂಘ ಕಟ್ಟೋಕೆ ಬಿಡಿ. ಜೂನ್ 4ರ ಮನೆಗಳಿಗೆ ಪರಿಹಾರ ಘೋಷಣೆಯಾಯಿತು, ಸರಿ. ಅಲ್ಲಿಗೆ ಕಡತ ಮುಚ್ಚಬೇಡಿ.

ನೀವು ರಾಜ್ಯ ತಂಡಕ್ಕೆ ಆಡುತ್ತಿದ್ದ ಕಾಲದಲ್ಲಿ ದುಡ್ಡು ಇರಲಿಲ್ಲ. ಹಾಗಾಗಿ ಕೊಡೋಕೆ ಆಗುತ್ತಿರಲಿಲ್ಲ, ಯಾರೂ ಕೇಳುತ್ತಲೂ ಇರಲಿಲ್ಲ. ಈಗ ಇದೆ. ನಿಮ್ಮ ಸಹಿ ಇಲ್ಲದೆ ಅದು ಹೊರಗೆ ಬರುವುದೂ ಇಲ್ಲ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ನೀವು ಲೆಕ್ಕಪತ್ರ ಮಂಡಿಸುವಾಗ ಅದರಲ್ಲಿ ಒಂದು ಕಾಲಂ ಹೊಸದಾಗಿ ಹಾಕಿಸಿ: ಜಿಲ್ಲೆಯ ಹೆಸರು, ಆ ಜಿಲ್ಲೆಗೆ ಆ ವರ್ಷ ಖರ್ಚು ಮಾಡಿದ ಮೊತ್ತ. ಅದನ್ನು ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಿ, ಕನ್ನಡದಲ್ಲೂ ಪ್ರಕಟಿಸಿ. ಚಿತ್ರದುರ್ಗದ ಮುಂದೆ ಮೊದಲ ವರ್ಷ ಸೊನ್ನೆ ಇದ್ದರೂ ಪರವಾಗಿಲ್ಲ, ಸೊನ್ನೆ ಅಂತಲೇ ಬರೆಯಿರಿ. ಎರಡನೇ ವರ್ಷ ಅದು ಎಷ್ಟಾಗಿದೆ ಅಂತ ನಾವು ನೋಡಿಕೊಳ್ಳುತ್ತೇವೆ.

ಉತ್ತರಕ್ಕೆ ಕಾಯುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಪಿ.ಟಿ. ಮೇಷ್ಟ್ರು
ಚಿತ್ರದುರ್ಗ ಜಿಲ್ಲೆ